ಅವರು ಅಳಿಸು ಎಂದ ಚಿತ್ರಗಳು

ಗದಗಿನ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಮದುವೆ ಆಲ್ಬಮ್ ಜೋಡಿಸುವುದು, ಮುಖದ ಮೇಲಿನ ಕಲೆ ತೆಗೆಯುವುದು, ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು. ಬೆಟಗೇರಿಯ ನೇಕಾರರ ಮನೆಯ ಹುಡುಗಿ ಗುಡ್ಡ ಅಲೆಯುತ್ತಾಳೆಂದು ನಮ್ಮ ಓಣಿಯಲ್ಲಿ ಯಾರೂ ಎಣಿಸಿರಲಿಲ್ಲ. ಆ ಚಟ ಹಚ್ಚಿದವರು ಸ್ಟುಡಿಯೋದ ಮಾಲಕರು. ಊರಿಗೆಲ್ಲ ಅವರು ‘ಸರ್’, ನನಗೂ ಸರ್. ಅವರು ನನ್ನನ್ನು ‘ತಂಗಿ’ ಎನ್ನುತ್ತಿದ್ದರು. ತಮ್ಮ ಹಳೆಯ ಕ್ಯಾಮೆರಾ ಕೊಟ್ಟು, ರವಿವಾರ ಬೆಳಿಗ್ಗೆ ಕಪ್ಪತಗುಡ್ಡಕ್ಕೆ ಕರೆದೊಯ್ದು, ಉಸಿರು ಹಿಡಿದು ಬಟನ್ ಒತ್ತುವುದನ್ನು ಕಲಿಸಿದವರು ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವರ ಬಗ್ಗೆ ಒಳ್ಳೆಯ ಮಾತಾಡುವ ಮನಸ್ಸು ನನಗಿಲ್ಲ.

ಗೂಗಿಯ, ಅಂದರೆ ಗೂಬೆಯ, ಜಾಗ ತೋರಿಸಿದವಳು ನಾನು. ಮುಳಗುಂದದ ಹತ್ತಿರ ಹೊಲವಿದ್ದ ಹಿರಿಯ ಹೆಂಗಸೊಬ್ಬರು ನಮ್ಮ ಮನೆಗೆ ಸೀರೆ ಒಯ್ಯಲು ಬರುತ್ತಿದ್ದರು. ಅವರನ್ನು ನಾನು ಅತ್ತಿ ಎಂದು ಕರೆಯುತ್ತಿದ್ದೆ. ಅವರ ಹೊಲದ ಅಂಚಿಗೆ ಕೆಲಸ ನಿಂತುಹೋದ ಒಂದು ಕಲ್ಲಿನ ಕ್ವಾರಿ ಇದೆ. ಅದರ ಗೋಡೆಯಿಂದ ಮುಂದೆ ಚಾಚಿದ ಒಂದು ಕಲ್ಲಿನ ಮೇಲೆ, ಜಾಲಿ ಪೊದೆಯ ನೆರಳಿನಲ್ಲಿ, ಕೊಂಬಿನ ಗೂಗಿ ಎರಡು ಮರಿ ಮಾಡಿತ್ತು. ಅಪಶಕುನವೆಂದು ಯಾರಾದರೂ ಕಲ್ಲು ಬೀರಿಯಾರು ಎಂದು ಅತ್ತಿ ಊರಲ್ಲಿ ಬಾಯಿ ಬಿಟ್ಟಿರಲಿಲ್ಲ. ನನಗೊಬ್ಬಳಿಗೆ ಹೇಳಿದರು. ನಾನು ಸರ್‌ಗೆ ಹೇಳಿದೆ.

ಮಾಘ ಮಾಸದ ಒಂದು ಬೆಳಿಗ್ಗೆ ಇಬ್ಬರೂ ಹೋದೆವು. ಕ್ವಾರಿಯ ಈಚೆ ದಂಡೆಯಿಂದ ನೋಡಿದರೆ ಎಲೆಗಳ ಸಂದಿನಲ್ಲಿ ನಾಲ್ಕು ಕಣ್ಣು ಮಾತ್ರ ಕಾಣುತ್ತಿದ್ದವು. ನನಗೆ ಅಷ್ಟೇ ಸಾಕಿತ್ತು. ಸರ್‌ಗೆ ಬೆಳಕು ಸಾಲಲಿಲ್ಲ.

ಎರಡು ವಾರದ ಮೇಲೆ ಅತ್ತಿಯ ಫೋನ್ ಬಂತು. ಮರಿಗಳು ಸತ್ತಿದ್ದವು. ಹೋಗಿ ನೋಡಿದೆ. ಪೊದೆ ಬುಡದಿಂದಲೇ ಇರಲಿಲ್ಲ. ಕಲ್ಲು ಕಾದ ಹಂಚಿನಂತಿತ್ತು, ಅದರ ಮೇಲೆ ಎರಡೂ ಮರಿ ಬಾಯಿ ತೆರೆದುಕೊಂಡು ಒಣಗಿ ಬಿದ್ದಿದ್ದವು. ತಾಯಿ ಎದುರಿನ ಗೋಡೆಯ ಮೇಲೆ ಕೂತಿತ್ತು. ಯಾರೋ ಉರುವಲಿಗೆ ಕಡಿದಿರಬೇಕು ಎಂದರು ಅತ್ತಿ. ನಾನೂ ಹಾಗೆಯೇ ಅಂದುಕೊಂಡೆ.

ಮರುದಿನ ಸರ್ ತಮ್ಮ ಮೆಮೊರಿ ಕಾರ್ಡ್ ಕೊಟ್ಟರು. ‘ಗೂಗಿವು ಭಾಳ ಚಲೋ ಬಂದಾವ. ಒಂದೈದು ಇಟ್ಟು ಉಳಿದದ್ದೆಲ್ಲಾ ಅಳಿಸಿಬಿಡು ತಂಗಿ’ ಅಂದರು. ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದೆ. ಮೊದಲಿನವುಗಳಲ್ಲಿ ಪೊದೆ ಇತ್ತು. ಆಮೇಲೊಂದು ಕೈತಪ್ಪಿ ಒತ್ತಿದ ಚಿತ್ರ: ಓರೆಯಾದ ಕಲ್ಲು, ಕತ್ತರಿಸಿ ಹಿಡಿದ ಜಾಲಿ ಟೊಂಗೆ, ಹಿಡಿದ ಕೈಯಲ್ಲಿ ಸರ್ ಯಾವಾಗಲೂ ಹಾಕುವ ತಾಮ್ರದ ಕಡಗ. ಅದರ ಮುಂದಿನದರಲ್ಲಿ ಪೊದೆ ಇಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತ ಎರಡು ಮರಿಗಳು. ನಿಜಕ್ಕೂ ಭಾಳ ಚಲೋ ಬಂದಿದ್ದವು.

ಎದ್ದು ಹೋಗಿ ಮುಖ ತೊಳೆದುಕೊಂಡೆ. ಹೊರಗಿನ ಕೋಣೆಯಲ್ಲಿ ಅವರು ಗಿರಾಕಿಯೊಬ್ಬರ ಜೊತೆ ಗಿರಮಿಟ್ ತಿನ್ನುತ್ತ ನಗುತ್ತಿದ್ದರು. ಆಗಲೇ ಕೇಳಬಹುದಿತ್ತು. ಕೇಳಿದ್ದರೆ ಹತ್ತು ನಿಮಿಷದ ಜಗಳವಾಗಿ ಮುಗಿಯುತ್ತಿತ್ತು. ನನಗೆ ಹತ್ತು ನಿಮಿಷ ಸಾಲದು ಅನ್ನಿಸಿತು. ಎಲ್ಲವನ್ನೂ ಪೆನ್ ಡ್ರೈವಿಗೆ ಇಳಿಸಿಕೊಂಡು, ಆಮೇಲೆ ಹೇಳಿದಂತೆ ಅಳಿಸಿದೆ.

ಆ ವರ್ಷ ನಾನು ಮಾಡಿದಷ್ಟು ಮನಸ್ಸಿಟ್ಟು ಕೆಲಸ ಹಿಂದೆಂದೂ ಮಾಡಿರಲಿಲ್ಲ. ಅವರ ಚಿತ್ರಗಳ ಬಣ್ಣ ತಿದ್ದಿದೆ, ಅಂಚು ಕತ್ತರಿಸಿದೆ. ಗೂಗಿ ಮರಿಗಳ ಚಿತ್ರವನ್ನು ಸ್ಪರ್ಧೆಗೆ ಕಳಿಸುವ ಅರ್ಜಿ ತುಂಬಿದವಳೂ ನಾನೇ. ಬಹುಮಾನ ಬಂದಾಗ ಪೇಢೆ ಹಂಚಿದೆ. ಅವರು ಎತ್ತರಕ್ಕೆ ಏರಬೇಕಿತ್ತು. ಇರುವ ಜಾಗದಿಂದ ಬಿದ್ದರೆ ಅವರಿಗೆ ಪೆಟ್ಟಾಗುತ್ತಿರಲಿಲ್ಲ.

ಮಳೆ ಬಿದ್ದು ಕಪ್ಪತಗುಡ್ಡ ಹಸಿರಾಯಿತು. ಟಿಟ್ಟಿಭ ಹಕ್ಕಿಯ ಮೊಟ್ಟೆಗಳು ಮೊದಲ ಚಿತ್ರದಲ್ಲಿ ಬರೀ ಮಣ್ಣಿನ ಮೇಲಿದ್ದವು, ನಾಲ್ಕನೆಯದರಲ್ಲಿ ಅವೇ ಮೊಟ್ಟೆಗಳನ್ನು ಎತ್ತಿ ಹಳದಿ ಹೂಗಳ ನಡುವೆ ಇಟ್ಟಿತ್ತು. ಹಿಂಗಾರಿಯ ಪೈರು ಏಳುವ ಮುನ್ನ ಮುಂಡರಗಿ ಕಡೆಯ ಎರೆ ಹೊಲದಲ್ಲಿ ಓಡುವ ಚಿಗರಿ ಜಿಂಕೆಗಳು, ಕೆಳಗಿನ ಮೂಲೆಯಲ್ಲಿ ಅವುಗಳನ್ನು ಅಟ್ಟುತ್ತಿದ್ದ ಜೀಪಿನ ಮೂತಿ. ಚಳಿಗಾಲಕ್ಕೆ ಮಾಗಡಿ ಕೆರೆಗೆ ಪಟ್ಟೆತಲೆಯ ಬಾತುಗಳು ಬಂದವು. ಶಿರಹಟ್ಟಿಯಿಂದಲೂ ಲಕ್ಷ್ಮೇಶ್ವರದಿಂದಲೂ ಜನ ನೋಡಲು ಬರುತ್ತಾರೆ, ಏರಿಯ ಮೇಲೆ ದನಿ ತಗ್ಗಿಸಿ ನಿಲ್ಲುತ್ತಾರೆ. ಸರ್ ತೆಗೆದ ಸಾವಿರ ಬಾತು ಒಟ್ಟಿಗೆ ಹಾರುವ ಚಿತ್ರವನ್ನು ಪೇಟೆಯೆಲ್ಲ ಕೊಂಡಾಡಿತು. ಅದಕ್ಕೂ ಹಿಂದಿನ ಚಿತ್ರದಲ್ಲಿ ಏರಿಯ ಬುಡದಿಂದ ಪಟಾಕಿಯ ಹೊಗೆ ಏಳುತ್ತಿತ್ತು. ಪ್ರತಿ ಸಲ ಅವರು ಅಳಿಸು ಎಂದರು. ಪ್ರತಿ ಸಲ ನಾನು ಇಟ್ಟುಕೊಂಡೆ.

ಚಳಿ ಇಳಿಯುವ ಹೊತ್ತಿಗೆ ಗದಗಿನ ಒಂದು ಸಭಾಂಗಣದಲ್ಲಿ ಅವರ ಚಿತ್ರಪ್ರದರ್ಶನ ಗೊತ್ತಾಯಿತು. ಪರದೆಯ ಮೇಲೆ ತೋರಿಸುವ ಚಿತ್ರಗಳನ್ನು ಜೋಡಿಸುವ ಕೆಲಸ ನನ್ನದು. ಅತ್ತಿಯನ್ನು ನಾನೇ ಕರೆದಿದ್ದೆ. ನಾಗಾವಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಅರಣ್ಯ ಇಲಾಖೆಯವರು, ಸರ್ ಅವರ ಹೆಂಡತಿ, ಬೀಗರು, ಎಲ್ಲರೂ ಬಂದಿದ್ದರು. ತಾಳ್ಮೆಯೇ ಈ ಕಲೆಯ ತಾಯಿ ಎಂದು ಸರ್ ಮಾತಾಡಿ ಕೂತರು. ನಾನು ಬಟನ್ ಒತ್ತಿದೆ.

ಮೊದಲು ಬಹುಮಾನದ ಗೂಗಿ ಮರಿಗಳು. ಚಪ್ಪಾಳೆ ಬಿತ್ತು. ನಂತರ ಪೊದೆ ಇದ್ದ ಚಿತ್ರ, ಕಡಗದ ಕೈ, ಕೊನೆಗೆ ನಾನು ಫೋನಿನಲ್ಲಿ ತೆಗೆದಿದ್ದ ಸತ್ತ ಮರಿಗಳು. ಆಮೇಲೆ ಮೊಟ್ಟೆ, ಜೀಪು, ಹೊಗೆ. ಯಾರೂ ಕೂಗಾಡಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ಹೊರಗೆ ಹೋದರು, ಆಮೇಲೆ ಇನ್ನಿಬ್ಬರು. ಸರ್ ಕಡಗದ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಇಡೀ ವರ್ಷದಲ್ಲಿ ಅಷ್ಟು ಸುಖ ನನಗೆ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ. ಸುಳ್ಳು ಹೇಳುವುದಿಲ್ಲ.

ಸಭಾಂಗಣ ಖಾಲಿಯಾದ ಮೇಲೆ ಅವರು ನನ್ನ ಹತ್ತಿರ ಬಂದರು. ‘ನನಗ ಒಂದ ಮಾತು ಹೇಳಬಹುದಿತ್ತಲ್ಲ ತಂಗಿ.’

‘ಹೇಳಿದ್ರ ಅಳಿಸು ಅಂತಿದ್ರಿ’ ಅಂದೆ.

ಅರಣ್ಯ ಇಲಾಖೆಯವರು ಸರ್ ಅವರನ್ನು ಕರೆದು ವಿಚಾರಿಸಿದರು, ಬಹುಮಾನ ವಾಪಸು ಹೋಯಿತು. ಈಗ ಮದುವೆ, ಸೀಮಂತ ಅಷ್ಟೇ ತೆಗೆಯುತ್ತಾರೆ. ನಾನು ಬೆಟಗೇರಿಯಲ್ಲಿ ಸಣ್ಣದೊಂದು ಸ್ಟುಡಿಯೋ ಹಾಕಿದ್ದೇನೆ.

ಆದರೆ ಅವತ್ತು ಬಸ್ ನಿಲ್ದಾಣದ ತನಕ ಅತ್ತಿಯ ಜೊತೆ ನಡೆದುಹೋದದ್ದನ್ನೂ ಬರೆಯಬೇಕು. ಶಭಾಷ್ ಅಂತಾರೆ ಎಂದುಕೊಂಡಿದ್ದೆ. ಬಸ್ ಬಂದಾಗ ಅವರು ಕೇಳಿದರು: ‘ಹ್ವಾದ ವರ್ಷನ ನಿನಗ ಗೊತ್ತಿತ್ತು ಹೌದಲ್ಲ? ಹಂಗಾರ ಆ ಮೊಟ್ಟಿ, ಆ ಚಿಗರಿ, ಅವನ್ನ ಯಾಕ ಬಿಟ್ಟಿ?’

ಆ ಟಿಟ್ಟಿಭ ಮೊಟ್ಟೆ ಸಿಗದೆ ಎಷ್ಟು ಹೊತ್ತು ಕೂಗಿತೋ. ಅದು ಕೂಗುತ್ತಿದ್ದಾಗ ನಾನು ಪರದೆಯ ಮುಂದೆ ಕೂತು ಹಳದಿ ಹೂವಿನ ಬಣ್ಣ ತಿದ್ದುತ್ತಿದ್ದೆ. ಅತ್ತಿ ಈಗಲೂ ಸೀರೆ ಒಯ್ಯಲು ಬರುತ್ತಾರೆ, ಅಪ್ಪನ ಜೊತೆ ಮಾತಾಡುತ್ತಾರೆ, ಹೊಲದ ಸುದ್ದಿ ಮಾತ್ರ ಎತ್ತುವುದಿಲ್ಲ. ತಪ್ಪಾಯಿತೆಂದು ಅವರ ಮುಂದೆ ಒಪ್ಪಿಕೊಂಡಿದ್ದೇನೆ.

ಸರ್ ಮುಂದೆ ಒಪ್ಪಿಕೊಂಡಿಲ್ಲ, ಒಪ್ಪಿಕೊಳ್ಳುವುದೂ ಇಲ್ಲ. ಹೋದ ಚಳಿಗಾಲ ಮಾಗಡಿ ಕೆರೆಯ ಏರಿಯ ಮೇಲೆ ಅವರು ಒಬ್ಬರೇ ನಿಂತಿದ್ದರು, ಕ್ಯಾಮೆರಾ ಇಲ್ಲದೆ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನಾನು ಅಲ್ಲಿಗೆ ಹೋಗಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ನಿಂತು ಅವರನ್ನೇ ನೋಡುತ್ತ ಉಳಿದೆ. ಅವರು ತಲೆ ತಗ್ಗಿಸಿಕೊಂಡು ಇಳಿದುಹೋದ ಮೇಲೆಯೇ ನೀರಿನ ಕಡೆ ತಿರುಗಿದೆ.