ಎರಡು ನಕ್ಷತ್ರದ ರೂಪಾಯಿ

ನನ್ನ ತಂಗಿಯ ಗಂಡನೂ ಅವನ ಅಪ್ಪನೂ ಮಾತು ಬಿಟ್ಟಿದ್ದರು. ಮೂಡಿಗೆರೆಯಲ್ಲಿ ಅವರದು ದಿನಸಿ ಅಂಗಡಿ. ಇಬ್ಬರೂ ಒಂದೇ ಗಲ್ಲಾಪೆಟ್ಟಿಗೆಯ ಆಚೆ ಈಚೆ ಕೂತು ವ್ಯಾಪಾರ ಮಾಡುತ್ತಿದ್ದರು, ಮಾತು ಮಾತ್ರ ಇಲ್ಲ. ಜಗಳ ಹತ್ತಿದ್ದು ನಾಣ್ಯಕ್ಕೆ. ಬಂದ ಚಿಲ್ಲರೆಯಲ್ಲಿ ವಿಚಿತ್ರವಾಗಿ ಕಂಡದ್ದನ್ನೆಲ್ಲ ಭಾವ ಆರಿಸಿ ಡಬ್ಬಿಗೆ ಹಾಕುತ್ತಿದ್ದ. ಮುದುಕರು ಶಿವರಾತ್ರಿಯ ಹೊತ್ತಿಗೆ ಒಂದು ದಿನ ಗಿರಾಕಿಗಳ ಎದುರೇ "ಇವ್ನು ತಿಪ್ಪೆ ಕೆದಕೋ ಕೋಳಿ" ಅಂದುಬಿಟ್ಟರು. ಅಲ್ಲಿಂದ ಮುಂದೆ ಬೆಲ್ಲ ಮುಗಿದ ಸುದ್ದಿಯೂ ನನ್ನ ತಂಗಿಯ ಬಾಯಿಂದಲೇ ಹೋಗಬೇಕು. ಇಬ್ಬರ ಹಟವೂ ನನಗೆ ತಲೆಚಿಟ್ಟು ಹಿಡಿಸಿತ್ತು.

ನಾನು ಆಗ ಮಲ್ಲಂದೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ನಾಣ್ಯದ ಹುಚ್ಚು ನನಗೂ ಇತ್ತು, ಭೂತಗನ್ನಡಿ ಸದಾ ಜೇಬಿನಲ್ಲಿರುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಒಂದು ಭಾನುವಾರ ತಂಗಿಯನ್ನು ನೋಡಲು ಹೋದಾಗ ಮುದುಕರು ನನ್ನನ್ನು ಅಂಗಡಿ ಹಿಂದಿನ ಜಗಲಿಗೆ ಕರೆದು, ಪಂಚೆಯ ಸೊಂಟದ ಮಡಿಕೆಯಿಂದ ಒಂದು ರೂಪಾಯಿ ತೆಗೆದರು.

"ನೋಡು ಮಾರಾಯ, ಇಸವಿ ಕೆಳಗೆ ಎರಡು ನಕ್ಷತ್ರ ಇದೆ. ನಿಜವಾದ್ದಾದ್ರೆ ನಾನೇ ಅವ್ನ ಕೈಗೆ ಕೊಡ್ತೀನಿ. ಸುಳ್ಳಾದ್ರೆ ಬೇಡ, ನಗ್ತಾನೆ."

ಮಗನ ಹತ್ತಿರ ಮಾತಾಡಲು ಅವರಿಗೊಂದು ನೆಪ ಬೇಕಾಗಿತ್ತು. ಅದು ಈಗ ನನ್ನ ಅಂಗೈಯಲ್ಲಿತ್ತು.

ನಕ್ಷತ್ರ ಹೈದರಾಬಾದ್ ಟಂಕಸಾಲೆಯ ಗುರುತು. ನಾಣ್ಯ ಒತ್ತುವ ಅಚ್ಚನ್ನು ತಯಾರಿಸುವಾಗ ಅದನ್ನು ಒಮ್ಮೆ ಓರೆಯಾಗಿ ಗುದ್ದಿ, ಮತ್ತೆ ಸರಿಯಾಗಿ ಗುದ್ದಿದರೆ ನಾಣ್ಯದ ಮೇಲೆ ಎರಡೂ ಉಬ್ಬಿ ಕಾಣುತ್ತವೆ; ಅಂಥದ್ದು ಸಿಗುವುದು ಅಪರೂಪ. ಎರಡಕ್ಕೂ ದುಂಡು ಅಂಚಿರುತ್ತದೆ, ಮೂಲೆಗಳು ಸೀಳಿದಂತಿರುತ್ತವೆ. ಸುಳ್ಳಿನದು ಬೇರೆ. ನಾಣ್ಯ ಒತ್ತುವ ಹೊತ್ತಿಗೆ ಯಂತ್ರ ಅಲುಗಿದರೆ ಇದ್ದ ನಕ್ಷತ್ರವೇ ಒಂದು ಬದಿ ಜಜ್ಜಿ, ಚಪ್ಪಟೆ ಮೆಟ್ಟಿಲಾಗುತ್ತದೆ. ಅಲ್ಲಿ ಏನೂ ಹೆಚ್ಚಿಗೆ ಬಂದಿರುವುದಿಲ್ಲ, ಇದ್ದದ್ದೇ ಸವೆದಿರುತ್ತದೆ.

ಇಲ್ಲಿ ನೋಡಿದರೆ ಅಂಚು ದುಂಡಗಿತ್ತು. ಒಂದು ಗಳಿಗೆ ನನಗೂ ಆಸೆಯಾಯಿತು. ಬೆಳಕಿಗೆ ವಾಲಿಸಿದಾಗ ಸಂದಿಯಲ್ಲಿ ಬೆಳ್ಳಗೆ ಏನೋ ಕಂಡಿತು. ಉಗುರಿನಿಂದ ಕೆರೆದೆ. ವಿಭೂತಿ.

"ಇದನ್ನ ಉಜ್ಜಿದ್ರಾ?"

"ಪೂಜೆಗೆ ಕೂತಾಗೆಲ್ಲ. ಹೊಳೀಲಿ ಅಂತ. ಶಿವರಾತ್ರಿಯಿಂದ ಇಟ್ಕೊಂಡಿದ್ದೀನಿ."

ಹೊರಗೆ ಆಗ ದೀಪಾವಳಿಯ ಪಟಾಕಿ ಅಂಗಡಿಗಳು ಏಳುತ್ತಿದ್ದವು. ಅಷ್ಟು ಕಾಲದ ವಿಭೂತಿ ಮೆಟ್ಟಿಲಿನ ಅಂಚು ತಿಂದು ದುಂಡು ಮಾಡಿತ್ತು. ಉಳಿದ ನಕ್ಷತ್ರ ಸೊರಗಿತ್ತು, ಮೂಲೆಯಲ್ಲಿ ಸೀಳು ಇರಲಿಲ್ಲ. ಸುಳ್ಳು ಹೇಳಬಹುದಿತ್ತು, ಆದರೆ ಭಾವ ಅದನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದ. "ಯಜಮಾನ್ರೇ, ಇದು ಯಂತ್ರದ ಅಲುಗಾಟ" ಅಂದೆ. ಅವರ ಮುಖ ಇಳಿಯಿತು. ನಾಣ್ಯ ವಾಪಸು ತಗೊಳ್ಳಲು ಕೈ ಚಾಚಿದರು.

ಭಾವ ಅಕ್ಕಿಮೂಟೆ ಇಳಿಸಿ ಬಾಗಿಲಲ್ಲೇ ನಿಂತಿದ್ದ. ಶಿವರಾತ್ರಿಯ ಮಾತು ಅವನಿಗೂ ಕೇಳಿಸಿತ್ತು. ಬಂದು, ಅವರಿಗಿಂತ ಮೊದಲು ನನ್ನ ಕೈಯಿಂದ ನಾಣ್ಯ ತೆಗೆದುಕೊಂಡ. ಕನ್ನಡಿ ಕೇಳಲಿಲ್ಲ. ಬೆರಳಿಗೆ ಹತ್ತಿದ ವಿಭೂತಿಯನ್ನೇ ಸುಮಾರು ಹೊತ್ತು ನೋಡಿದ.

"ಅಪ್ಪ, ಇದು ಎಲ್ಲಿ ಸಿಕ್ತು?"

ಮುದುಕರು ನನ್ನ ಕಡೆ ನೋಡಿದರು. ನಾನು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡೆ. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಗಲ್ಲಾದಲ್ಲೇ ಕಣೋ. ನಿನ್ನ ಕಣ್ಣು ಎಲ್ಲಿತ್ತು?"