ಕಸ್ತೂರಿಯ ತಾಟಿನ ರೊಟ್ಟಿ

ಕಸ್ತೂರಿ, ನೀನು ಕದ್ದು ತಿಂದಿರಲಿಲ್ಲ. ಕದ್ದು ತಿನ್ನುತ್ತಿದ್ದವಳು ನಾನು — ನಿನ್ನ ವೈನಿ, ನಿನ್ನ ಅಣ್ಣನ ಹೆಂಡತಿ. ನಾಲ್ಕು ವರ್ಷ ಈ ಮಾತನ್ನು ನುಂಗಿಕೊಂಡು ಕೂತೆ. ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಆ ವರ್ಷ ನಾನು ತೆಳ್ಳಗಾಗಿದ್ದು ನಿಜ. ಆದರೆ ನೀವೆಲ್ಲ ಅಂದುಕೊಂಡಂತೆ ತೂಕ ಇಳಿಸುವ ಆ ಡಬ್ಬಿಯ ಪುಡಿಯಿಂದಲ್ಲ. ಚಹಾದ ಜೊತೆ ಖಾರಿ, ಟೋಸ್ಟು ತಿನ್ನುವುದನ್ನು ಬಿಟ್ಟಿದ್ದೆ. ಎರಡೂ ಹೊತ್ತು ಜೋಳದ ರೊಟ್ಟಿ, ಮೊಳಕೆ ಬಂದ ಮಡಿಕೆ ಕಾಳು, ಜೊತೆಗೆ ಹಸಿ ಹಕ್ಕರಕಿ ಸೊಪ್ಪು, ಮೂಲಂಗಿ. ಉಂಡರೆ ಸಂಜೆಯವರೆಗೂ ಹಸಿವೆಯ ನೆನಪಿರುತ್ತಿರಲಿಲ್ಲ. ಬೆಳಿಗ್ಗೆ ಹೊಟ್ಟೆ ತಾನಾಗಿಯೇ ಹಗುರಾಗುತ್ತಿತ್ತು. ಇಷ್ಟೇ ಗುಟ್ಟು. ನಮ್ಮೂರು ವಳಸಂಗದಲ್ಲಿ ಎಲ್ಲರ ಮನೆಯಲ್ಲೂ ಇರುವ ಊಟ — ಇದಕ್ಕೆ ಯಾರು ಹಾರ ಹಾಕುತ್ತಾರೆ? ಆಗಲೇ ಜತ್ತದಿಂದ ಪುಡಿ ಮಾರುವ ಹೆಂಗಸು ಬಂದಳು. ಇದರಿಂದಲೇ ತೆಳ್ಳಗಾದೆ ಅನ್ನು ಎಂದು ಕೈಗೆ ಡಬ್ಬಿ ಕೊಟ್ಟು ಫೋಟೋ ತೆಗೆದಳು, ನಾನು ಹಲ್ಲು ಕಿರಿದು ನಿಂತೆ. ಬಚತ ಗಟದ, ಅಂದರೆ ನಮ್ಮ ಉಳಿತಾಯ ಸಂಘದ ಹೆಂಗಸರೆಲ್ಲ ನನ್ನನ್ನು ‘ಮ್ಯಾಡಂ’ ಎಂದು ಕರೆದು ನನ್ನಿಂದ ಪುಡಿ ಒಯ್ದರು. ಆ ಒಂದು ಶಬ್ದಕ್ಕಾಗಿ — ಛೀ! ಅಂದಿನಿಂದ ಮನೆಗೆ ಯಾರಾದರೂ ಬಂದರೆ, ಉಣ್ಣುತ್ತಿದ್ದ ತಾಟಿನ ಮೇಲೆ ಬುಟ್ಟಿ ಬೋರಲು ಹಾಕುತ್ತಿದ್ದೆ.

ಬಾಣಂತನ ಮುಗಿಸಿ ಅಸಂಗಿಗೆ ಗಂಡನ ಮನೆಗೆ ಹೋದ ಮೇಲೆ ನಿನ್ನ ಅತ್ತೆ ದಪ್ಪಗಾದ ನಿನ್ನ ಮೈ ಬಗ್ಗೆ ಆಡಿಕೊಳ್ಳತೊಡಗಿದರು. ನೀನು ಅಳುತ್ತ ನನ್ನ ಹತ್ತಿರ ಬಂದೆ. ನನ್ನ ತಾಟು ತೋರಿಸಿದ್ದರೆ ಸಾಕಿತ್ತು. ನಾನು ಪುಡಿಯ ಡಬ್ಬಿ ಕೈಗಿಟ್ಟೆ. “ರೊಟ್ಟಿ ಪೂರಾ ಬಿಡು. ಎರಡೂ ಹೊತ್ತು ಇದನ್ನ ಕುಡಿ,” ಎಂದೆ. ನೀನು ನಂಬಿದೆ. ಮೊದಲು ತೂಕ ಇಳಿಯಿತು. ಆಮೇಲೆ ಹೊಟ್ಟೆ ಕಟ್ಟಿತು, ಉಬ್ಬರ, ತಿಣುಕಿದರೆ ರಕ್ತ. ಕೊನೆಗೆ ಮೂಲವ್ಯಾಧಿಯ ಆಪರೇಶನ್‌ವರೆಗೆ ಹೋಯಿತು.

ಊಟಕ್ಕೆ ಏನೇನು ತಿನ್ನುತ್ತೀ ಎಂದು ಡಾಕ್ಟರು ಕೇಳಿದಾಗ ನೀನು ನನ್ನ ಮುಖ ನೋಡಿದೆ. ಪಕ್ಕದಲ್ಲಿ ನಿನ್ನ ಅತ್ತೆ. ಪುಡಿಯ ಮಾತು ಬಂದರೆ ನನ್ನ ಮ್ಯಾಡಂಗಿರಿ ಮಣ್ಣುಪಾಲು. ನೀನು ಬಾಯಿ ತೆರೆಯುವ ಮೊದಲೇ ನಾನು ಅಂದೆ:

“ಇಕಿಗೆ ಬಾಯಿ ಕಟ್ಟಾಕ ಬರೂದಿಲ್ರಿ. ಕದ್ದು ತಿಂತಾಳ್ರಿ.”

“ಹೆಚ್ಚು ತಿಂದಿದ್ದಕ್ಕ ಹಿಂಗ ಆಗಿಲ್ರಿ,” ಎಂದರು ಡಾಕ್ಟರು. “ಊಟದಾಗ ನಾರಿಲ್ಲ. ರೊಟ್ಟಿ, ಕಾಳು, ತೊಪ್ಪಲ ಹೊಟ್ಟಿ ತುಂಬ ತಿನ್ರಿ, ನೀರು ಚಲೋ ಕುಡೀರಿ. ಕರುಳೂ ಹಸನ ಇರತಾವ, ತೂಕಾನೂ ಹತೋಟ್ಯಾಗ ಇರತದ.”

ಅತ್ತೆಯ ಕಿವಿಗೆ ಬಿದ್ದದ್ದು ನನ್ನ ಮಾತು ಮಾತ್ರ. ಆಪರೇಶನ್ ಆಗಿ ನೀನು ಪುಡಿ ಬಿಟ್ಟ ಮೇಲೆ ಇಳಿದ ತೂಕ ಮರಳಿ ಬಂತು; ನೀನು ಕದ್ದು ತಿನ್ನುತ್ತೀ ಎನ್ನಲು ಅವರಿಗೆ ಅದೇ ಸಾಕ್ಷಿಯಾಯಿತು. ರೊಟ್ಟಿ ಬುಟ್ಟಿ ನಿನ್ನ ಕೈಗೆ ಸಿಗದ ಹಾಗೆ ಮಾಡಿದರು. ದಿನವಿಡೀ ದುಡಿಯುವ ಹೆಣ್ಣಿನ ರೊಟ್ಟಿ ಎಣಿಸುವವರನ್ನು ಕಂಡರೆ ನನ್ನ ಪಿತ್ತ ನೆತ್ತಿಗೇರುತ್ತದೆ. ಹೊಲದಲ್ಲಿ ಬೆಳೆದದ್ದನ್ನು ಬಿಡಿಸಿ ಡಬ್ಬಿ ಹಿಡಿಸುವವರ ಮೇಲೂ ಅಷ್ಟೇ ಸಿಟ್ಟು. ಆದರೆ ಅವರ ಕೈಗೆ ಕೋಲು ಕೊಟ್ಟವಳು ನಾನು. ಯಾವ ಮುಖ ಹೊತ್ತು ಅವರನ್ನು ಬೈಯಲಿ?

ಹೋದ ವಾರ ನೀನು ಬಂದಿದ್ದೆ. ಬಿಸಿ ರೊಟ್ಟಿ, ಝುಣಕ ಬಡಿಸಿದೆ. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದವಳು ತಟ್ಟನೆ ಹಿಂದೆ ತೆಗೆದುಕೊಂಡೆ.

“ವೈನಿ, ಇನ್ನೊಂದು ತಗೊಂಡ್ರ ನಡೀತದೇನ್ರಿ?”

ಹುಟ್ಟಿದ ಮನೆಯಲ್ಲಿ ಕೂತು, ಒಂದು ರೊಟ್ಟಿಗೆ, ಅದೂ ನನ್ನ ಅಪ್ಪಣೆ ಕೇಳಿದೆ. ನೀನೂ ನನ್ನ ಸುಳ್ಳನ್ನೇ ನಂಬಿಬಿಟ್ಟಿದ್ದೀ — ನಿನ್ನ ಬಾಯಿಯೇ ಕೆಟ್ಟದ್ದು ಎಂದು. ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ.

ಸೋಮವಾರ ಅಸಂಗಿಗೆ ಬರುತ್ತೇನೆ. ನಿನ್ನ ಅತ್ತೆಯ ಎದುರು, ನಿನ್ನ ಗಂಡನ ಎದುರು ಎಲ್ಲವನ್ನೂ ಹೇಳುತ್ತೇನೆ. ಬಚತ ಗಟದ ಹೆಂಗಸರಿಗೂ ಹೇಳುತ್ತೇನೆ. ಕ್ಷಮಿಸು ಎನ್ನುವುದಿಲ್ಲ, ಕೇಳುವ ಯೋಗ್ಯತೆ ನನಗಿಲ್ಲ. ಆಮೇಲೆ ನನ್ನ ಜೊತೆ ಮಾತು ಬಿಟ್ಟರೆ ಬಿಡು, ಕಸ್ತೂರಿ. ತವರಿಗೆ ಬಂದು ಹೊಟ್ಟೆ ತುಂಬ ಉಣ್ಣುವುದನ್ನು ಮಾತ್ರ ಬಿಡಬೇಡ.