ನಾಗಮ್ಮತ್ತೆ ಒಗೆದ ಬಟ್ಟೆ

ನಮ್ಮ ನಾಗಮ್ಮತ್ತೆಗೆ ಬೆರಳಿನಿಂದ ಮುಟ್ಟಿ ನೋಡದ ಹೊರತು ಯಾವುದರ ಮೇಲೂ ನಂಬಿಕೆಯಿರಲಿಲ್ಲ. ಕೊಯಮತ್ತೂರಿನಿಂದ ನಾನು ಸಿರುಮುಗೈ ದಾರಿಯ ಅವಳ ಹಳ್ಳಿಗೆ ಹೋದಾಗಲೆಲ್ಲ ಮೊದಲು ನನ್ನ ಅಂಗಿಯ ಅಂಚನ್ನು ಉಜ್ಜಿ, ನೂಲಿನ ಯೋಗ್ಯತೆ ಹೇಳಿ, ಆಮೇಲೆ ಊಟದ ಮಾತು. ಅಪ್ಪನ ತಂಗಿ, ಚಿಕ್ಕಂದಿನಿಂದ ರೇಷ್ಮೆ ಸೀರೆ ನೇಯ್ದವಳು.

ಊರಾಚೆಯ ಗಿರಣಿಯವರು ಕಲ್ಲಿದ್ದಲು ಉರಿಸಿ ಕರೆಂಟು ತೆಗೆಯುವ ಘಟಕ ಕಟ್ಟಿದ ಮೇಲೆ ಆ ಬೆರಳಿಗೆ ಕೆಲಸ ಹೆಚ್ಚಾಯಿತು. ಮಗ್ಗಕ್ಕೆ ಏರಿಸುವ ಉದ್ದ ಎಳೆಗಳನ್ನು, ಅಂದರೆ ಪಾವನ್ನು, ಬೆಳಗಿನ ಹೊತ್ತು ಬೀದಿಯುದ್ದಕ್ಕೂ ಎಳೆದು ಕಟ್ಟುವುದು ನಮ್ಮ ನೇಕಾರರ ಪದ್ಧತಿ. ಗಾಳಿ ಇತ್ತ ತಿರುಗಿದರೆ ಬಿಳಿ ಪಾವಿನ ಮೇಲೆಲ್ಲ ಕಪ್ಪು ಚುಕ್ಕಿ. ಬಿಳಿ ಸೀರೆಗಳನ್ನು ಅಂಗಡಿಯವರು ವಾಪಸು ಕಳಿಸತೊಡಗಿದರು. ಬೀದಿಯವರು ಬೈಯುತ್ತಿದ್ದರೆ, ಉರಿಸುವ ಕಲ್ಲಿದ್ದಲು ಎಲ್ಲಿಂದ ಬರುತ್ತದೆಂದು ಅತ್ತೆ ವಿಚಾರಿಸುತ್ತಿದ್ದಳು. ಹಡಗಿನಲ್ಲಿ ಬರುತ್ತದಂತೆ ಎಂದೆ.

"ಯಾವ ದೇಶದ್ದು ಕಣ್ಣು? ನಮ್ಮ ಬೀದಿವರ್ಗೂ ಬಂದೈತೆ, ಊರ ಹೆಸರಾದ್ರೂ ತಿಳೀಬೇಡ್ವಾ?"

ಮನೆಮಾತು ಕನ್ನಡವಾದರೂ ಅವಳು ನನ್ನನ್ನು ತಮಿಳರಂತೆ ಮುದ್ದಿನಿಂದ ಕಣ್ಣು ಎಂದೇ ಕರೆಯುತ್ತಿದ್ದಳು.

ಗಿರಣಿಯವರು ಎರಡನೇ ಚಿಮಣಿಗೆ ಅರ್ಜಿ ಹಾಕಿದರು. ಜನರ ಅಹವಾಲು ಕೇಳಲು ಅಧಿಕಾರಿಗಳು ಕಲ್ಯಾಣ ಮಂಟಪಕ್ಕೆ ಬರುವರೆಂದು ಗೊತ್ತಾದಾಗ ಅತ್ತೆ ಒಂದು ತುಂಡು ಬಿಳಿ ರೇಷ್ಮೆಯನ್ನು ಮಹಡಿಯ ಮೇಲೆ ಕಟ್ಟಿ, ತಿಂಗಳಿಡೀ ಹಾಗೇ ಬಿಟ್ಟಳು. ಬೂದಿ ಕೂತು ಅದು ಇಲಿಯ ಬಣ್ಣಕ್ಕೆ ತಿರುಗಿತು. ಬೀದಿಗೆ ಬೀದಿಯೇ ಆ ತುಂಡನ್ನು ನೆಚ್ಚಿಕೊಂಡಿತ್ತು.

ಸಭೆಯಲ್ಲಿ ಅವಳ ಚೀಲದಿಂದ ಹೊರಬಂದದ್ದು ಮಲ್ಲಿಗೆಯಂಥ ಬಿಳಿ ಬಟ್ಟೆ, ಅಂಚಿಗೆ ಅಂಚು ಕೂಡಿಸಿ ಮಡಿಚಿದ್ದು. ಅಧಿಕಾರಿ ತಿರುವಿ ನೋಡಿ, ಚೊಕ್ಕಟವಾಗಿದೆಯಲ್ಲಮ್ಮ ಎಂದರು. ಬೆಳಿಗ್ಗೆ ಒಗೆದೆ ಸಾರ್, ಕೊಳೆ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡೋದು ಎಂದು ಅತ್ತೆ ತಮಿಳಿನಲ್ಲಿ ಹೇಳಿದಳು. ಮಂಟಪವೆಲ್ಲ ನಕ್ಕಿತು. ನಾನೂ ನಕ್ಕೆ, ಇವತ್ತಿಗೂ ಅದಕ್ಕೆ ನಾಚಿಕೆಯಿದೆ. ತಿಳಿದು ಒಗೆದಳೋ, ಕಲೆ ಕಂಡರೆ ತಡೆಯಲಾರದ ನೇಯುವವಳ ಕೈ ತಾನಾಗಿ ಒಗೆದುಬಿಟ್ಟಿತೋ ಎಂಬುದು ನನ್ನ ತೀರದ ಕುತೂಹಲ. ಕೇಳಿದ್ದಕ್ಕೆ, ನೀರಿಗೆ ಹಾಕಿದ್ದೇ ನೆನಪಿಲ್ಲ ಅಂದಿದ್ದಳು.

ಎರಡನೇ ಚಿಮಣಿಯೂ ಎದ್ದಿತು. ಅತ್ತೆ ಬಿಳಿ ಬಿಟ್ಟು ಕಡು ಬಣ್ಣಗಳನ್ನಷ್ಟೇ ನೇಯ್ದಳು.

ಕಡೆಯ ಸಲ ಕಂಡಾಗ ಹಾಸಿಗೆ ಹಿಡಿದಿದ್ದಳು, ಕಣ್ಣು ಮಂಜಾಗಿತ್ತು. ಯಾರ ಕೈಲೋ ಸಭೆಯ ವರದಿ ತರಿಸಿಟ್ಟುಕೊಂಡು, ಓದು ಅಂದಳು. ಅವಳ ಹೆಸರಿನ ಮುಂದೆ ಒಂದೇ ಸಾಲು ಇತ್ತು: ತಂದ ಬಟ್ಟೆಯಲ್ಲಿ ಬೂದಿ ಕಂಡುಬರಲಿಲ್ಲ.

"ನಾ ಒಗ್ದೆ ಅಂತ ಬರ್ದವ್ರಾ ಕಣ್ಣು?"

"ಬರ್ದವ್ರೆ ಅತ್ತೆ."

"ಹಂಗಾದ್ರೆ ಸರಿ. ಓದ್ದೋರಿಗೆ ತಿಳೀತೈತೆ," ಎಂದು ನೆಮ್ಮದಿಯಿಂದ ಗೋಡೆಯ ಕಡೆ ಹೊರಳಿದಳು. ಮುಂದಿನ ವಾರ ತೀರಿಕೊಂಡಳು. ಅಷ್ಟರೊಳಗೆ ನಿಜ ಹೇಳುವ ಧೈರ್ಯ ನನಗೆ ಬರಲೇ ಇಲ್ಲ.